ಧರೆಗೊತ್ತಿದ ಕೋಣೆಯಲ್ಲಿ ಬಟ್ಟೆ ಒಗೆಯುವ ಜಾಗ

ತೀರ್ಥಹಳ್ಳಿ, ಹೊಸನಗರದ ಕಡೆ ಇಳಿಜಾರಿನಲ್ಲಿ ಕಟ್ಟಿದ ಮನೆಗಳಿಗೆ ಕೆಳಗೊಂದು ಕೋಣೆ ಸಿಗುತ್ತದೆ. ಹಿಂದಿನ ಗೋಡೆ ಧರೆಗೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ದಿಬ್ಬಕ್ಕೆ, ಒತ್ತಿಕೊಂಡಿರುತ್ತದೆ, ಮುಂದಿನ ಕಡೆ ಬಯಲು. ಅಂಥ ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆಯನ್ನು ಬಟ್ಟೆ ಒಗೆಯಲು, ಒಣಗಿಸಲು ಸರಿಮಾಡಿಕೊಂಡ ಬಗೆ ಇದು. ಟೈಲ್ಸಿಗೆ ಒಂದು ರೂಪಾಯಿಯನ್ನೂ ಹಾಕಲಿಲ್ಲ. ದುಡ್ಡೆಲ್ಲ ಹೋದದ್ದು ನೀರನ್ನು ಹೊರಗೆ ಹಾಕುವುದಕ್ಕೆ.

ಮೊದಲು ತಿಳಿಯಬೇಕಾದ್ದು ಗೋಡೆ ಯಾಕೆ ಒದ್ದೆ ಎಂಬುದು. ಮಳೆಗಾಲದಲ್ಲೇ ನೋಡಬೇಕು. ಉದುರುವ ಸುಣ್ಣವನ್ನು ಬ್ರಷ್‌ನಿಂದ ತಿಕ್ಕಿ ತೆಗೆದು, ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಧರೆಯ ನೀರು ಗೋಡೆಯೊಳಗಿಂದ ಜಿನುಗುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯಲ್ಲಿನ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಮಲೆನಾಡಿನಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ, ಆದರೆ ಮದ್ದು ಬೇರೆ ಬೇರೆ.

ಜಿನುಗುವ ನೀರನ್ನು ಒಳಗಿನಿಂದ ತಡೆಯಲು ಹೋಗಬೇಡಿ. ಎನಾಮಲ್ ಪೇಂಟ್, ಪುಟ್ಟಿ ಏನೇ ಬಳಿದರೂ ಹಿಂದಿನಿಂದ ನೀರು ಒತ್ತುತ್ತದೆ, ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಬಿಳಿ ಉಪ್ಪಿನ ಸಮೇತ ಉದುರುತ್ತದೆ. ಕೆಲಸ ಹೊರಗಿದೆ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದಂಬೆ (ನೀರು ಹಿಡಿದು ಸಾಗಿಸುವ ತೋಡು) ಕಟ್ಟಿ. ಇಳಿಜಾರಿನ ಮೇಲುಗಡೆ, ಗೋಡೆಯಿಂದ ಮೂರಡಿ ದೂರದಲ್ಲಿ, ಒಂದೂವರೆ ಅಡಿ ಅಗಲ, ಎರಡಡಿ ಆಳದ ಚರಂಡಿ ತೆಗೆದು ಪಕ್ಕಕ್ಕೆ ಇಳಿಜಾರು ಕೊಡಿ. ಗೋಡೆಗೆ ತಾಗಿಸಿ ಅಗೆಯಬಾರದು, ಅಡಿಪಾಯದ ತಳಕ್ಕಿಂತ ಕೆಳಗೂ ಇಳಿಯಬಾರದು. ಧರೆಯನ್ನು ಸಡಿಲ ಮಾಡಿದರೆ ಗೋಡೆಗೇ ಅಪಾಯ. ಈ ಅಗೆತ ಮಾರ್ಚಿನೊಳಗೆ ಮುಗಿದಿರಬೇಕು.

ಒಳಗೆ ಸಿಮೆಂಟ್ ಗಾರೆ ಟೊಳ್ಳಾಗಿದ್ದ ಕಡೆಯೆಲ್ಲ, ನಾಲ್ಕಡಿ ಎತ್ತರದವರೆಗೆ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಕಾಣುವಷ್ಟು ಕೆತ್ತಿಸಿದೆ. ತಂತಿ ಬ್ರಷ್‌ನಲ್ಲಿ ಉಪ್ಪು ತಿಕ್ಕಿ ತೆಗೆದು, ಗೋಡೆ ಬಿಸಿಲುಕಾಲದಲ್ಲಿ ಆರಿದ ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ಮೇಲೆ ಸುಣ್ಣ. ಸುಣ್ಣದ ಗಾರೆಯಲ್ಲಿ ಉಳಿದ ತೇವ ಆವಿಯಾಗಿ ಹೋಗುತ್ತದೆ. ನೋಡಲು ಅಷ್ಟೇನೂ ಚೆಂದವಿಲ್ಲ, ನಿಜ.

ನೆಲಕ್ಕೆ ಪಾಲಿಶ್ ಇಲ್ಲದ ಕಡಪ ಕಲ್ಲು ಸಾಕು. ನುಣುಪಾದದ್ದು ಹಾಕಿದರೆ ಪಾಚಿ, ಸೋಪು ಸೇರಿ ಕಾಲು ನಿಲ್ಲುವುದಿಲ್ಲ. ಇಳಿಜಾರು ಆರಡಿಗೆ ಒಂದು ಇಂಚು. ಮೇಸ್ತ್ರಿ 'ಇದೆ' ಎಂದರೆ ನಂಬದೆ, ಕಲ್ಲು ಕೂರಿಸುವ ಮುಂಚೆ ಒಂದು ಬಕೆಟ್ ನೀರು ಸುರಿದು ನೋಡಿ. ಮೂಲೆಯಲ್ಲಿ ನಹಾನಿ ಟ್ರ್ಯಾಪ್ (ನೆಲದ ನೀರು ಇಳಿಯುವ, ವಾಸನೆ ತಡೆಯುವ ಜಾಲರಿ ಬಟ್ಟಲು), ಅಲ್ಲಿಂದ ಮೂರು ಇಂಚಿನ ಪಿವಿಸಿ ಪೈಪು. ಪೈಪಿನ ಹೊರಗಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟದಿದ್ದರೆ ಇಲಿಗೆ, ಹಾವಿಗೆ ಅದೇ ಹೆಬ್ಬಾಗಿಲು. ಸೋಪಿನ ನೀರು ಬಾವಿಯ ಕಡೆ ಹರಿಯದಂತೆ ದೂರದ ಬಾಳೆ ಬುಡಕ್ಕೆ ತಿರುಗಿಸಿ.

ಮಶೀನಿನ ನೀರು ಹೊರಹೋಗುವ ಬಗೆಯನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಸೆಮಿ ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ, ನೀರು ತಾನಾಗಿ ಇಳಿಯಬೇಕು; ಪೈಪನ್ನು ನೆಲದಲ್ಲೇ ಬಿಡಬೇಕು. ಫ್ರಂಟ್ ಲೋಡ್‌ಗೆ ಪಂಪ್ ಇದೆ. ಅದರ ಪೈಪನ್ನು ಸುಮಾರು ಎರಡರಿಂದ ಮೂರಡಿ ಎತ್ತರಕ್ಕೆ ಏರಿಸಿ ಇಳಿಸಬೇಕು, ನೆಲದಲ್ಲಿ ಬಿಟ್ಟರೆ ತುಂಬುತ್ತಿರುವ ನೀರೇ ಹರಿದು ಹೋಗಿ ಮಶೀನು ಮುಂದೆ ಸಾಗುವುದೇ ಇಲ್ಲ. ಮಶೀನಿಗೆ ನಾಲ್ಕು ಇಂಚಿನ ಕಾಂಕ್ರೀಟ್ ಕಟ್ಟೆ ಮಾಡಿ. ತಳ ತೆರೆದಿದ್ದರೆ ಜಾಲರಿ ಹಾಕಿಸಿ, ಇಲಿಗೆ ಬೆಲ್ಟು, ವೈರು ಎರಡೂ ಇಷ್ಟ. ಗುಡ್ಡದ ಅಬ್ಬಿ ನೀರು (ಮೇಲಿನ ಒರತೆಯಿಂದ ತಾನಾಗಿ ಹರಿದು ಬರುವ ನೀರು) ಬಳಸುವವರು ನಲ್ಲಿಗೂ ಮಶೀನಿಗೂ ನಡುವೆ ಫಿಲ್ಟರ್ ಕೂರಿಸಿ. ಮೊದಲ ಮಳೆಯಲ್ಲಿ ಅದನ್ನು ವಾರಕ್ಕೊಮ್ಮೆ ತೊಳೆಯಬೇಕು.

ಕರೆಂಟಿನಲ್ಲಿ ಉಳಿತಾಯ ಬೇಡ. ನೆಲದಿಂದ ನಾಲ್ಕಡಿ ಎತ್ತರದಲ್ಲಿ 16 ಆಂಪ್ ಸಾಕೆಟ್, ಬೋರ್ಡಿನಿಂದಲೇ ಬೇರೆಯಾಗಿ ಎಳೆದ 2.5 ಚದರ ಮಿ.ಮೀ. ತಾಮ್ರದ ವೈರು, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿದುಬಿಡುವ ಸ್ವಿಚ್ಚು). ಇದನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ, ಆಗಾಗ ನೀರು ಹಾಕಿ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತಿಡಿ.

ಇನ್ನು ಒಣಗಿಸುವುದು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಆಯಿತು ಅನ್ನುವವರಿದ್ದಾರೆ. ಜುಲೈಯಲ್ಲಿ ಹೊರಗಿನ ಗಾಳಿಯೇ ಒದ್ದೆ, ಅದನ್ನೇ ಒಳಗೆಳೆದುಕೊಂಡು ಏನು ಪ್ರಯೋಜನ? ಒಗೆದ ಆವಿ ಹೊರಹಾಕಲು ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್ ಮೇಲ್ಭಾಗದಲ್ಲಿರಲಿ, ಎದುರು ಗೋಡೆಯ ಕೆಳಗೆ ಗಾಳಿ ಬರಲು ಕಿಂಡಿಯಿರಲಿ. ಬಟ್ಟೆ ಒಣಗುವುದು ಚೆನ್ನಾಗಿ ಹಿಂಡಿದ್ದರಿಂದ, ಅಡ್ಡಲಾಗಿ ಬೀಸುವ ಗೋಡೆ ಫ್ಯಾನಿನಿಂದ, ಸ್ವಲ್ಪ ಕಾವಿನಿಂದ. ಪಕ್ಕದಲ್ಲೇ ಬಚ್ಚಲ ಒಲೆಯಿದ್ದರೆ ಅದರ ಗೋಡೆಯ ಈಚೆಗೆ ಗಳ ಕಟ್ಟಿ. ಕಾವು ಬರಬೇಕು, ಹೊಗೆ ಬರಬಾರದು. ಗಳದಿಂದ ಗಳಕ್ಕೆ ಒಂದಡಿ ಬಿಡಿ. ಗಳಕ್ಕೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಪುಕ್ಕಟೆ ಸಿಗುತ್ತದೆ, ಆದರೆ ಚೆನ್ನಾಗಿ ಒಣಗಿಸಿ ಹೆರೆಯಬೇಕು. ಇಲ್ಲದಿದ್ದರೆ ಸಿಬಿರು ಸೀರೆಗೆ ಸಿಕ್ಕುತ್ತದೆ, ಹಸಿ ದಬ್ಬೆಯ ಕಲೆಯೂ ಕೂರುತ್ತದೆ.

ಹಳೆಯ ಒಗೆಯುವ ಕಲ್ಲನ್ನು ಕೀಳಿಸಬೇಡಿ, ಎರಡೂವರೆ ಅಡಿ ಎತ್ತರಕ್ಕೆ ಏರಿಸಿ. ಕಂಬಳಿ, ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕಲೆ ಹಿಡಿಯುವ ರಸ) ಮೆತ್ತಿದ ಪಂಚೆ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಔಷಧಿ ಹೊಡೆದು ಬಂದ ಅಂಗಿ ಅಲ್ಲಿಗೇ ಹೋಗಲಿ. ಬೋರ್ಡೋ ಹಿಡಿದ ಬಟ್ಟೆಗೆ ಬಕೆಟೂ ಬೇರೆಯೇ ಇರಬೇಕು.