ಹಾಲು ಅಮ್ಮನದು, ಉಳಿದ ಕೆಲಸ ಮನೆಯವರದು

ಮಗಳು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ರಾತ್ರಿ ಒಂದು ಲಂಗೋಟಿ ಹುಡುಕಲು ನಾನು ಮೂರು ಲೈಟ್ ಹಾಕಿದ್ದೆ, ಎರಡು ಬೀರು ತೆಗೆದಿದ್ದೆ. ಅಷ್ಟರಲ್ಲಿ ಮಗು, ಹೆಂಡತಿ, ಬಾಣಂತನಕ್ಕೆಂದು ಊರಿಂದ ಬಂದಿದ್ದ ಅತ್ತೆ, ಮೂವರ ನಿದ್ದೆಯೂ ಹಾರಿತ್ತು. ಲಂಗೋಟಿ ಸಿಕ್ಕಿದ್ದು ಒಗೆದ ಬಟ್ಟೆಯ ರಾಶಿಯಲ್ಲಿ, ನನ್ನ ಶರ್ಟಿನ ಕೆಳಗೆ.

ಎಳೆಮಗುವಿರುವ ಮನೆಯಲ್ಲಿ ಕೆಲಸ ಕಡಿಮೆಯಾಗುವುದಿಲ್ಲ. ಹುಡುಕಾಟ ಕಡಿಮೆ ಮಾಡಿಕೊಳ್ಳಬಹುದು, ಕೆಲಸ ಹಂಚಿಕೊಳ್ಳಬಹುದು. ಅಮ್ಮನಿಂದ ಮಾತ್ರ ಆಗುವುದು ಹಾಲೂಡಿಸುವುದೊಂದೇ. ಉಳಿದದ್ದೆಲ್ಲ ಬೇರೆಯವರೂ ಮಾಡಬಹುದು. ಬರದಿದ್ದರೆ ಎರಡು ದಿನದಲ್ಲಿ ಕಲಿಯಬಹುದು.

ಮೊದಲು, ಒಂದು ಬುಟ್ಟಿ

ಹೆರಿಗೆಗೆ ಮುಂಚೆಯೇ ಹಳೆ ಕಾಟನ್ ಸೀರೆ, ಪಂಚೆ ಒಗೆದು ಬಿಸಿಲಿಗೆ ಹಾಕಿ, ತುಂಡು ಮಾಡಿಡಿ. ಅಂಗಡಿಯ ಹೊಸ ಬಟ್ಟೆಗಿಂತ ಇವು ಮೆತ್ತಗೆ. ಬಟ್ಟೆಯ ಲಂಗೋಟಿಯೇ ಕಟ್ಟುವುದಾದರೆ ಇಪ್ಪತ್ತೈದು ಮೂವತ್ತಾದರೂ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ರಾತ್ರಿಗೆ ಡೈಪರ್ ಹಾಕಿದರೆ ಪಾಪವೇನಿಲ್ಲ. ಲಂಗೋಟಿ, ಒರೆಸುವ ಬಟ್ಟೆ, ರಬ್ಬರ್ ಶೀಟ್, ಒಂದು ಜೊತೆ ಅಂಗಿ, ಥರ್ಮಾಮೀಟರ್, ಅಮ್ಮನಿಗೆ ನೀರಿನ ಬಾಟಲಿ. ಇಷ್ಟನ್ನು ಒಂದು ಬುಟ್ಟಿಯಲ್ಲಿಟ್ಟು ಹಾಸಿಗೆಯಿಂದಲೇ ಕೈಗೆಟುಕುವಂತೆ ಇಡಿ. ಮಲಗುವ ಮುಂಚೆ ಬುಟ್ಟಿ ತುಂಬಿಸುವುದು ಅಪ್ಪನ ಕೆಲಸ.

ಹಾಲಿನ ಲೆಕ್ಕ

ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಲು ಶುರು ಮಾಡಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಅದೇ ಒಳ್ಳೆಯದು. ಮೊದಲ ವಾರಗಳಲ್ಲಿ ಮಗು ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಯುತ್ತದೆ. ಗಡಿಯಾರ ನೋಡಬೇಡಿ, ಮಗುವನ್ನು ನೋಡಿ. ಬಾಯಿ ತೆರೆದು ತಲೆ ಆಚೀಚೆ ತಿರುಗಿಸಿದರೆ, ಕೈಯನ್ನು ಬಾಯಿಗೆ ತಂದರೆ ಹಸಿವು. ಅಳು ಬರುವ ಹೊತ್ತಿಗೆ ತಡವಾಗಿರುತ್ತದೆ, ಆಮೇಲೆ ಸಮಾಧಾನ ಮಾಡಿ ಕುಡಿಸುವುದು ಕಷ್ಟ.

‘ಹಾಲು ಸಾಲ್ತಿಲ್ಲ ಅನ್ಸುತ್ತೆ’ ಅಂತ ಬಂದವರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಲಂಗೋಟಿ ಎಣಿಸಿ. ವಾರ ಕಳೆದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಮರಳುತ್ತದೆ. ಕುಡಿಸುವಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಮಗು ತೊಟ್ಟನ್ನು ಮಾತ್ರ ಕಚ್ಚಿದೆ ಅಂತ ಅರ್ಥ. ಬಿಡಿಸಿ, ಬಾಯಿ ಅಗಲ ತೆರೆದಾಗ ಸುತ್ತಲ ಕಪ್ಪು ಭಾಗವೂ ಒಳಗೆ ಹೋಗುವಂತೆ ಮತ್ತೆ ಹಿಡಿಸಿ. ಆರು ತಿಂಗಳವರೆಗೆ ನೀರು, ಬಜೆ ತೇಯ್ದದ್ದು, ಗ್ರೈಪ್ ವಾಟರ್ ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಮಗುವಿನ ಜೀವಕ್ಕೇ ಅಪಾಯ.

ಕುಡಿಸಿ ಆದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸುವುದೂ ಅಪ್ಪನದೇ. ಹೆಗಲ ಮೇಲೊಂದು ಬಟ್ಟೆ ಇರಲಿ. ನಾನು ಮರೆತು ಆಫೀಸಿನ ಎರಡು ಶರ್ಟ್ ಬದಲಿಸಿದ್ದೇನೆ.

ಬಾಣಂತಿ ಜಾಸ್ತಿ ನೀರು ಕುಡಿಯಬಾರದು ಎನ್ನುವುದು ನಮ್ಮತ್ತೆಯ ನಂಬಿಕೆ. ಹಾಲೂಡಿಸುವವರಿಗೆ ಬಾಯಾರಿಕೆಯೇ ಜಾಸ್ತಿ, ಬೇಕಾದಷ್ಟು ಕುಡಿಯಬೇಕು. ವಾದ ಮಾಡಿ ಗೆಲ್ಲಲಾಗಲಿಲ್ಲ. ಜೀರಿಗೆ ಹಾಕಿ ಕುದಿಸಿದ ನೀರು ಅಂದಾಗ ಒಪ್ಪಿದರು, ಆಮೇಲೆ ಅವರೇ ಫ್ಲಾಸ್ಕ್ ತುಂಬಿಸತೊಡಗಿದರು.

ರಾತ್ರಿ ಪಾಳಿ

ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಆದರೆ ಒಂದೇ ಸಲಕ್ಕಲ್ಲ, ಎರಡು ಮೂರು ಗಂಟೆಗಳ ತುಂಡು ತುಂಡಾಗಿ. ಹಾಗಾಗಿ ಪಾಳಿ ಹಾಕಿಕೊಳ್ಳಿ. ನಮ್ಮಲ್ಲಿ ಎಂಟಕ್ಕೆ ಹಾಲು ಕುಡಿಸಿ ಹೆಂಡತಿ ಮಲಗುತ್ತಿದ್ದಳು. ರಾತ್ರಿ ಒಂದು ಗಂಟೆವರೆಗೆ ಮಗು ನನ್ನದು, ಬೆಳಗಿನ ಜಾವದಿಂದ ಅತ್ತೆಯದು. ಹಸಿವಾದರೆ ಅಮ್ಮನ ಹತ್ತಿರ ಕರೆದೊಯ್ಯುವುದು, ಕುಡಿದ ಮೇಲೆ ವಾಪಸ್ ತರುವುದು. ಲಂಗೋಟಿ ಬದಲಿಸಲು ಅವಳು ಏಳುವಂತಿಲ್ಲ. ಮಂದ ದೀಪ ಸಾಕು. ಮಗುವನ್ನು ಮಾತಾಡಿಸಿದರೆ ಕೆಟ್ಟಿರಿ, ಅದು ಆಟಕ್ಕೆ ಶುರು ಮಾಡುತ್ತದೆ.

ಮಲಗಿಸುವುದು ಯಾವಾಗಲೂ ಅಂಗಾತ. ಹಾಸಿಗೆ ಗಟ್ಟಿಯಾಗಿರಲಿ. ದಪ್ಪ ರಗ್ಗು, ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು ಎರಡೂ ಬೇಡ, ಉಸಿರು ಕಟ್ಟುವ ಅಪಾಯವಿದೆ.

ಎಣ್ಣೆ ನೀರು

ಹೊಕ್ಕುಳ ಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬೀಳುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಳ್ಳಿಗೆ ಅರಿಶಿನ, ಎಣ್ಣೆ, ಪೌಡರ್ ಏನೂ ಹಚ್ಚದೆ ಒಣಗಲು ಬಿಡಿ. ಆಮೇಲೆ ಅಜ್ಜಿ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ನೀರು ಹಾಕಲಿ, ಅವರ ಕೈಯ ಪಳಗಿಕೆ ನಮಗೆಲ್ಲಿ ಬರಬೇಕು! ನೀರಿನ ಬಿಸಿಯನ್ನು ಮಾತ್ರ ಮೊಣಕೈ ಅದ್ದಿ ನೋಡಿ, ಬೆಚ್ಚಗಿರಬೇಕು ಅಷ್ಟೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಸಾಂಬ್ರಾಣಿ ಹೊಗೆಯೂ ಬೇಡ. ಕಾಡಿಗೆ ಬೇಕೇ ಬೇಕು ಅಂದರೆ ಅಂಗಾಲಿಗೆ ದೃಷ್ಟಿ ಬೊಟ್ಟು ಇಡಲಿ, ಕಣ್ಣಿಗೆ ಬೇಡ.

ಸಂಜೆಯ ಅಳು

ಹಾಲು ಕುಡಿದಿದೆ, ಲಂಗೋಟಿ ಒಣಗಿದೆ, ಜ್ವರವಿಲ್ಲ. ಆದರೂ ಸಂಜೆಯಾದರೆ ಅಳು. ಇದು ಹುಟ್ಟಿದ ಎರಡು ಮೂರು ವಾರಕ್ಕೆ ಶುರುವಾಗಿ, ಆರನೇ ವಾರದ ಸುಮಾರಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಎತ್ತಿಕೊಂಡು ಓಡಾಡಿ. ನಿಮಗೇ ರೇಗಿ ಹೋದರೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಐದು ನಿಮಿಷ ಆಚೆ ಬನ್ನಿ. ಹಿಡಿದು ಅಲುಗಾಡಿಸಲೇಬೇಡಿ, ಮೆದುಳಿಗೆ ಪೆಟ್ಟಾಗುತ್ತದೆ.

ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ ಎನ್ನುವ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿಡಿ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಹಾಲು ಕುಡಿಯದೆ ಮಂಕಾದರೆ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಹುಟ್ಟಿದ ದಿನವೇ ಮೈ ಹಳದಿಯಾದರೆ ಅಥವಾ ಆಮೇಲೆ ಹಳದಿ ಅಂಗೈ ಅಂಗಾಲಿಗೆ ಇಳಿದರೆ. ಪಕ್ಕದಲ್ಲೇ 108 ಅಂತ ದೊಡ್ಡದಾಗಿ ಬರೆಯಿರಿ.

ಕಾಗದ ಪತ್ರ

ಜನನ ನೋಂದಣಿ 21 ದಿನದೊಳಗೆ ಆದರೆ ಶುಲ್ಕವಿಲ್ಲ. ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ, ಆದರೆ ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ನೋಡಿಕೊಳ್ಳಿ. ಹುಟ್ಟಿದಾಗ ಹಾಕುವ ಲಸಿಕೆ ಬಿಟ್ಟರೆ ಮುಂದಿನದು 6, 10, 14ನೇ ವಾರಕ್ಕೆ. ತಾಯಿ ಕಾರ್ಡ್ ಜೋಪಾನ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಸುಮ್ನೆ ಸಹಿ ಹಾಕಿ ಕಳಿಸಬೇಡಿ, ಕೂರಿಸಿ ಮಗುವಿನ ತೂಕ ನೋಡಿಸಿ.

ಬಾಣಂತಿ ಮತ್ತು ಬಂದವರು

ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ. ಎರಡು ವಾರ ದಾಟಿಯೂ ಮನಸ್ಸು ಕುಗ್ಗಿಯೇ ಇದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ ವೈದ್ಯರಿಗೆ ಹೇಳಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇನ್ನು ನೋಡಲು ಬರುವವರು. ಬರುವ ಹೊತ್ತು ನೀವೇ ಹೇಳಿ, ಸಂಜೆ ನಾಲ್ಕರಿಂದ ಐದು ಅಂತ. ಕೆಮ್ಮು ನೆಗಡಿ ಇದ್ದವರಿಗೆ ಮುಂದಿನ ತಿಂಗಳು ಬನ್ನಿ ಅನ್ನಿ. ಕೈ ತೊಳೆಯದೆ ಮಗು ಕೊಡಬೇಡಿ, ಮುತ್ತು ಕೊಡಲು ಬಿಡಬೇಡಿ. ಇದೆಲ್ಲ ಬಾಣಂತಿ ಹೇಳಿದರೆ ನಿಷ್ಠುರ, ಅಳಿಯ ಹೇಳಿದರೆ ತಮಾಷೆಯಲ್ಲಿ ನಡೆದು ಹೋಗುತ್ತದೆ. ಬಂದವರು ‘ಏನಾದ್ರೂ ಮಾಡ್ಬೇಕಾ?’ ಅಂತ ಕೇಳಿದರೆ ‘ಅಯ್ಯೋ, ಏನೂ ಬೇಡ’ ಅನ್ನಬೇಡಿ. ಒಣಗಿದ ಲಂಗೋಟಿಗಳ ರಾಶಿ ತೋರಿಸಿ. ಮಾತಾಡುತ್ತಾ ಮಡಚಿ ಕೊಡುತ್ತಾರೆ.