ಮರಗೆಲಸದ ಬಳಗಕ್ಕೆ ತಿಂಗಳ ಸುದ್ದಿ ಬರೆದ ಅನುಭವ

ದಾವಣಗೆರೆಯ ನಮ್ಮ ಮರಗೆಲಸದ ಬಳಗಕ್ಕೆ ತಿಂಗಳಿಗೊಂದು ಸುದ್ದಿ ಹಾಳೆ ಬರೆಯುವ ಕೆಲಸ ನನ್ನದು. ಎರಡೂ ಬದಿ ಅಚ್ಚಾದ ಒಂದೇ ಹಾಳೆ. ಜೆರಾಕ್ಸ್ ಮಾಡಿಸಿ, ಭಾನುವಾರ ಎಲ್ಲರೂ ಸೇರಿದಾಗ ಕೈಗೆ ಕೊಡುತ್ತೇನೆ. ಸೇರುವುದು ಆಚಾರ್ರ ಶೆಡ್ಡಿನಲ್ಲಿ. ನಮ್ಮಲ್ಲಿ ಈ ಕೆಲಸದಿಂದಲೇ ಜೀವನ ಮಾಡುವವರು ಅವರೊಬ್ಬರೇ. ಉಳಿದವರೆಲ್ಲ ರಜಾದಿನದ ಬಡಗಿಗಳು: ಬ್ಯಾಂಕ್ ನೌಕರಿಯ ನಾನು, ಒಬ್ಬರು ಹಲ್ಲಿನ ಡಾಕ್ಟರು, ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಹಿರಿಯರು, ಚನ್ನಗಿರಿ ಕಡೆಯ ಅಡಿಕೆ ತೋಟದವರು, ಪಾಲಿಟೆಕ್ನಿಕ್ ಓದುವ ಒಬ್ಬ ಹುಡುಗಿ, ಆಗಾಗ ಬಂದು ಹೋಗುವ ಇನ್ನು ಕೆಲವರು.

ಸುದ್ದಿ ಹಾಳೆ ಅಂದರೆ ಯಾರು ಏನು ಮಾಡಿದರು ಅನ್ನುವ ಪಟ್ಟಿ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅದಕ್ಕೆ ನಾನು ಕೊಡುವುದು ಹಿಂಬದಿಯ ಕೊನೆಯ ನಾಲ್ಕು ಸಾಲು, ಅಷ್ಟೇ. ಮುಗಿದ ಸ್ಟೂಲಿನ ಫೋಟೋ ನೋಡಿ ಚೆನ್ನಾಗಿದೆ ಅನ್ನಬಹುದು. ಅದರಿಂದ ಇನ್ನೊಬ್ಬರ ಕೆಲಸ ಒಂದಿಂಚೂ ಮುಂದೆ ಹೋಗುವುದಿಲ್ಲ. ಒಣಗಿದ ಮರ ಎಲ್ಲಿ ಸಿಗುತ್ತದೆ, ಮೊಂಡಾದ ಗರಗಸ ಯಾರ ಕೈಗೆ ಕೊಡಬೇಕು, ಇವು ಹವ್ಯಾಸಿಗೆ ಬೇಕಾದ ಸುದ್ದಿ. ಹಾಗಾಗಿ ಮುಂಬದಿ ಪೂರ್ತಿ ಮರಕ್ಕೇ ಮೀಸಲು.

ಮರದ ಸುದ್ದಿ ಜಾಸ್ತಿ ಬರುವುದು ಹಳೇ ಪೇಟೆ ಕಡೆಯಿಂದ. ಅಲ್ಲಿ ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟುವುದು ನಡೆದೇ ಇರುತ್ತದೆ. ತೊಲೆ, ಜಂತೆ, ಬಾಗಿಲ ಚೌಕಟ್ಟು ಎಲ್ಲ ಲಾರಿ ಲೆಕ್ಕದಲ್ಲಿ ಹೋಗುತ್ತವೆ. ಎಷ್ಟೋ ಸಲ ಸೌದೆ ರೇಟಿಗೆ. ಹತ್ತಾರು ವರ್ಷ ಸೂರಿನಡಿ ಒಣಗಿದ ತೇಗ, ಮತ್ತಿ, ಹೊನ್ನೆ, ಬೇವು ಅದರಲ್ಲಿ ಇರುತ್ತದೆ. ಇಂಥ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಾನು ಬರೆಯುವುದಿಲ್ಲ. ಮೊದಲು ಮನೆಯವರನ್ನು ಮಾತಾಡಿಸುತ್ತೇನೆ. ಅಣ್ಣತಮ್ಮಂದಿರ ಪಾಲು ಇನ್ನೂ ಇತ್ಯರ್ಥವಾಗದ ಮನೆಯ ತೊಲೆ ಬಗ್ಗೆ ಬರೆದುಬಿಟ್ಟರೆ ನಮ್ಮ ಹಾಳೆ ಜಗಳಕ್ಕೆ ಸಾಕ್ಷಿಯಾಗುತ್ತದೆ. ಅವರು ಹ್ಞೂಂ ಅಂದ ಮೇಲೆ ಹೋಗಿ, ಮುಟ್ಟಿ, ಅಳತೆ ಹಿಡಿದು ಬರೆಯುತ್ತೇನೆ.

ನೋಡಲು ಹೋಗುವಾಗ ಜೇಬಿನಲ್ಲಿ ಎರಡು ವಸ್ತು ಇಟ್ಟುಕೊಳ್ಳುತ್ತೇನೆ. ಒಂದು ಹಳೆಯ ಸ್ಪೀಕರಿನ ಅಯಸ್ಕಾಂತ. ತೊಲೆಯ ಮೇಲೆ ಅದನ್ನು ಆಡಿಸಿದರೆ ಒಳಗೆ ಮುರಿದು ಕೂತ ಮೊಳೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಮೊಳೆಯ ಸುತ್ತ ಮರ ನೀಲಿ ಕಪ್ಪಾಗಿದ್ದರೆ ಅದು ಹುಳುಕಲ್ಲ. ಮರದ ಒಗರಿಗೆ ಕಬ್ಬಿಣ ಸೇರಿ ಬಂದ ಬಣ್ಣ. ಕಬ್ಬಿಣದ ಮೊಳೆ ಸಿಕ್ಕಿದರೆ ಕೀಸುಳಿಯ ಅಲಗು ಹಲ್ಲು ಬೀಳುತ್ತದೆ, ಮಿಷನ್ ಗರಗಸವಾದರೆ ಕಣ್ಣಿಗೂ ಅಪಾಯ. ಇನ್ನೊಂದು ವಸ್ತು ಸಣ್ಣ ನೀರಿನ ಬಾಟಲಿ. ಧೂಳು ಹಿಡಿದ ತೊಲೆಗಳು ನೋಡಲು ಎಲ್ಲ ಒಂದೇ ತರ. ಒಂದು ಮೂಲೆ ಕೆರೆದು ಒದ್ದೆ ಮಾಡಿದರೆ ಎಳೆ ಕಾಣುತ್ತದೆ. ಹೊನ್ನೆಯಾದರೆ ಬೆರಳಿಗೆ ಹಳದಿ ಬಣ್ಣ ಹತ್ತುತ್ತದೆ. ಅದರ ಚಕ್ಕೆಯನ್ನು ಲೋಟದ ನೀರಿನಲ್ಲಿ ಹಾಕಿ ಬೆಳಕಿಗೆ ಹಿಡಿದರೆ ನೀಲಿ ಛಾಯೆ ಹೊಳೆಯುತ್ತದೆ. ಬೇವಿನ ಹೊಟ್ಟು ಮೂಗಿಗೆ ಹೋದರೆ ಗಂಟಲೇ ಕಹಿಯಾಗುತ್ತದೆ. ಮಾಸ್ಕ್ ಇಲ್ಲದೆ ಅದನ್ನು ಉಜ್ಜಬಾರದು ಅಂತ ಪ್ರತಿ ಸಲ ಬರೆಯುತ್ತೇನೆ, ಪ್ರತಿ ಸಲ ಯಾರಾದರೂ ಸೀನುತ್ತಾರೆ.

ಅಳತೆ ಬರೆಯುವುದಕ್ಕೂ ಒಂದು ಕಾರಣ ಇದೆ. ಸಾಮಿಲ್ಲಿನಲ್ಲಿ ಲೆಕ್ಕ ಘನ ಅಡಿಯಲ್ಲಿ. ಹೊಸಬರಿಗೆ ಅದು ಗೊತ್ತಿರುವುದಿಲ್ಲ, ಅವರು ಹೇಳಿದಷ್ಟು ಕೊಟ್ಟು ಬರುತ್ತಾರೆ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಹಿಡಿದು ಗುಣಿಸಿ, 144ರಿಂದ ಭಾಗಿಸಬೇಕು. 8 ಅಡಿ ಉದ್ದ, 6 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಅಂದರೆ 96 ಭಾಗ 144, ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ಈ ಸೂತ್ರವನ್ನು ಹಾಳೆಯ ಮೇಲ್ಗಡೆ ಖಾಯಂ ಅಚ್ಚು ಹಾಕಿಸಿದ್ದೇನೆ.

ಬೀಟೆ ಅಥವಾ ಶ್ರೀಗಂಧದ ಸುದ್ದಿ ಬಂದರೆ ಕಾಗದಪತ್ರ ನೋಡದೆ ಬರೆಯುವುದಿಲ್ಲ. ಸ್ವಂತ ಹೊಲದ ಬದುವಿನ ತೇಗಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. 1976ರ ಮರ ಸಂರಕ್ಷಣಾ ಕಾಯ್ದೆ ಇರುವುದೇ ಅದಕ್ಕೆ. ಚನ್ನಗಿರಿ ಕಡೆಯ ನಮ್ಮ ತೋಟದವರು ಬದುವಿನ ತೇಗ ಕಡಿಸುವ ಮುಂಚೆ ಅರ್ಜಿ ಹಾಕಿ, ಅನುಮತಿ ಬಂದ ಮೇಲೆ ಕೊಯ್ಸಿದರು. ಅವರು ಆ ಓಡಾಟವನ್ನೆಲ್ಲ ಹೇಳಿದರು, ನಾನು ಹಾಗೇ ಬರೆದೆ. ಬೇರೆಯವರಿಗೂ ಅದು ಉಪಯೋಗಕ್ಕೆ ಬಂತು.

ಆ ತೇಗ ಹಸಿ ಇತ್ತು. ಅಲ್ಲಿಂದ ನಮ್ಮ ಬಳಗಕ್ಕೆ ಒಂದು ಹೊಸ ಹುಚ್ಚು ಹತ್ತಿತು: ತೂಕ ಹಾಕುವುದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕು ಅನ್ನುವುದು ಬಡಗಿಗಳ ಹಳೆಯ ಲೆಕ್ಕ. ಬಿಸಿಲು, ಗಾಳಿ, ಜೋಡಿಸಿದ ರೀತಿ ನೋಡಿದರೆ ಅದು ಬರೀ ಅಂದಾಜು ಅಂತ ಪಾಲಿಟೆಕ್ನಿಕ್ ಹುಡುಗಿ ವಾದ ಮಾಡಿದಳು. ಹಲಗೆಗಳ ತುದಿಗೆ ಹಳೇ ಪೇಂಟ್ ಬಳಿದು, ನಡುವೆ ಪಟ್ಟಿ ಕೊಟ್ಟು ಒಂದರ ಮೇಲೊಂದು ಜೋಡಿಸಿದೆವು. ತುದಿಯಿಂದ ನೀರು ಬೇಗ ಹೋಗಿಬಿಡುತ್ತದೆ, ಪೇಂಟ್ ಹಚ್ಚದಿದ್ದರೆ ಅಲ್ಲೇ ಮೊದಲು ಸೀಳು ಬೀಳುವುದು. ಆಮೇಲೆ ಒಂದು ಸಣ್ಣ ಹಲಗೆ ಆರಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಾರೀಖು ಹಾಕಿ ಪೆನ್ಸಿಲಿನಲ್ಲಿ ಅದರ ಮೇಲೇ ಬರೆದಿಟ್ಟೆವು. ತೂಕ ಇಳಿಯುತ್ತಾ ಇರುವ ತನಕ ಮರ ಒಣಗುತ್ತಾ ಇದೆ ಅಂತ ಅರ್ಥ. ನಿಂತರೆ ನಮ್ಮ ಊರಿನ ಗಾಳಿಗೆ ಒಗ್ಗಿಕೊಂಡಿತು ಅಂತ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಒಂದು ತುಂಡನ್ನು ಲ್ಯಾಬಿನ ಓವನ್ನಿನಲ್ಲಿ 103 ಡಿಗ್ರಿಯ ಹತ್ತಿರ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದಳು. ಮೊದಲಿನ ತೂಕದಲ್ಲಿ ಒಣಗಿದ ತೂಕ ಕಳೆದು, ಒಣಗಿದ ತೂಕದಿಂದಲೇ ಭಾಗಿಸಿದರೆ ತೇವಾಂಶ ಸಿಗುತ್ತದೆ. 575 ಗ್ರಾಂ ಇದ್ದದ್ದು 500ಕ್ಕೆ ನಿಂತರೆ ಶೇಕಡಾ 15. ಮನೆಯೊಳಗಿನ ಸಾಮಾನಿಗೆ ಅದು 10–12ರ ಸುಮಾರಿಗೆ ಬರಬೇಕು. ಆಚಾರ್ರು ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದರು. ಆಮೇಲೆ ಹಲಗೆಯನ್ನು ಬೆರಳಿನಿಂದ ತಟ್ಟಿ, ಕೆನ್ನೆಗೆ ಹಿಡಿದು, “ಇನ್ನೂ ತಣ್ಣಗೈತಲ್ಲವ್ವಾ, ಮಳೆಗಾಲ ಕಳೀಲಿ” ಅಂದರು. ಓವನ್ನಿನ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ನಾನು ಎರಡನ್ನೂ ಪಕ್ಕ ಪಕ್ಕ ಬರೆದೆ.

ಇಷ್ಟೊಂದು ಜಾಗ ಇದಕ್ಕೆ ಯಾಕೆ ಅಂತ ಕೆಲವರು ಕೇಳಿದ್ದುಂಟು. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಕುಗ್ಗುತ್ತದೆ. ತೇಗ ಎಲ್ಲಕ್ಕಿಂತ ಕಡಿಮೆ ಅಲುಗುವ ಮರಗಳಲ್ಲಿ ಒಂದು. ಆದರೂ ವರ್ಷದ ಉಂಗುರದ ಗುಂಟ ಅದು ಕುಗ್ಗುವುದು, ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಬಾಗಿಲಿನ ಹಲಗೆಯನ್ನು ಚೌಕಟ್ಟಿನಲ್ಲಿ ಫೆವಿಕಾಲ್ ಹಾಕದೆ ಸಡಿಲ ಬಿಡುವುದು ಇದಕ್ಕೇ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೂ ಆಗಸ್ಟ್ ತೇವಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ ಅಲ್ವಾ? ಇದು ತಲೆಗೆ ಹೋದ ಮೇಲೆ ನಮ್ಮವರ ಟೀಪಾಯಿಗಳು ಸೀಳುವುದು ಕಡಿಮೆಯಾಗಿದೆ.

ಹುಡುಗರಿಗೆ ತೇಗ ಕೈಗೆಟುಕುವುದಿಲ್ಲ. ಅವರ ಮರ ಅಂದರೆ ಗುಜರಿ ಅಂಗಡಿಯ ಪ್ಯಾಲೆಟ್. ಹರಿಹರದ ಕಡೆ ಕಾರ್ಖಾನೆಗಳಿಗೆ ಸಾಮಾನು ಬರುವ ಪೈನ್ ಪೆಟ್ಟಿಗೆಗಳೂ ಸಿಗುತ್ತವೆ. ಇದಕ್ಕೆ ನಾನು ಬರೆದ ಎಚ್ಚರಿಕೆ ಒಂದೇ: ಮುದ್ರೆ ನೋಡಿ. ವಿದೇಶದಿಂದ ಬಂದ ಪೆಟ್ಟಿಗೆಯ ಮೇಲೆ ತೆನೆಯ ಚಿತ್ರ, ದೇಶದ ಗುರುತು, ಕೊನೆಗೆ ಎರಡು ಅಕ್ಷರ ಇರುತ್ತವೆ. ಎಚ್‌ಟಿ ಅಂತಿದ್ದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಅಂತ, ಅದನ್ನು ಬಳಸಬಹುದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಗಾಳಿ ಹಾಯಿಸಿದ್ದು. ಅದು ನಮ್ಮ ಶೆಡ್ಡಿನ ಒಳಗೆ ಬರುವುದಿಲ್ಲ. ಮುದ್ರೆಯೇ ಇಲ್ಲದ, ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಹಲಗೆಯೂ ಬೇಡ.

ಹಿಂಬದಿಯಲ್ಲಿ ಹತ್ಯಾರದ ಸುದ್ದಿ. ಅಲ್ಲಿ ರಾಜ ಅಂದರೆ ನಮ್ಮ ಗಿರಣಿಯ ಹಿರಿಯರು. ಗಿರಣಿಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದಾಗ, ಅವರು ಅರ ಹಿಡಿದೇ ಬೆಳೆದವರು. ಗರಗಸಕ್ಕೆ ಅರ ಹಾಕುವುದನ್ನು ಅವರಿಂದ ಕಲಿತವರು ನಮ್ಮಲ್ಲಿ ಈಗ ಹಲವರಿದ್ದಾರೆ. ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲನ್ನು ನೇರ ಅಡ್ಡಕ್ಕೆ ಉಜ್ಜಬೇಕು, ಸಣ್ಣ ಉಳಿಗಳ ಸಾಲಿನಂತೆ ಅದು ಕೆಲಸ ಮಾಡುತ್ತದೆ. ಅಡ್ಡ ಕೊಯ್ಯುವ ಗರಗಸಕ್ಕೆ ಅರ ಓರೆ ಹಿಡಿಯಬೇಕು. ಹಲ್ಲಿನ ತುದಿ ನೀಲಿ ಕಪ್ಪಾಗಿ ಕಂಡರೆ ಅದು ಕಾಯಿಸಿ ಗಟ್ಟಿ ಮಾಡಿದ್ದು, ಅರ ಜಾರುತ್ತದೆ ಹೊರತು ಕಚ್ಚುವುದಿಲ್ಲ. ಅಂಥದ್ದು ಮೊಂಡಾದರೆ ಮುಗೀತು. ಅದಕ್ಕೇ ಕೊಳ್ಳುವಾಗಲೇ ನೋಡಿ ಅಂತ ಬರೆದೆ.

ಉಳಿಯ ವಿಷಯದಲ್ಲಿ ಅವರದ್ದು ಒಂದೇ ಮಾತು: “ಬೆನ್ನು ಮೊದಲು ಸಪಾಟ ಮಾಡ್ರಿ, ಮುಖ ಆಮೇಲೆ.” ಮುಖದ ಓರೆ 25 ಡಿಗ್ರಿ, ತುದಿಯ ಸಣ್ಣ ಅಂಚು 30. ಡಾಕ್ಟರು ಇದಕ್ಕೊಂದು ಸೇರಿಸಿದರು. ಓರೆಯ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ಒಂದೆರಡು ಸಲ ಉಜ್ಜಿ ನೋಡಿದರೆ, ಕಲ್ಲು ಎಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಅಂತ ಬಣ್ಣವೇ ಹೇಳುತ್ತದೆ. ದುಬಾರಿ ಕಲ್ಲು ಬೇಕಿಲ್ಲ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿದರೂ ಸಾಕು. ಸರಿಯಾಯಿತೋ ಇಲ್ಲವೋ ಅಂತ ನೋಡುವುದು ರೋಮ ಬೋಳಿಸಿ ಅಲ್ಲ, ಪೈನ್ ತುಂಡಿನ ಅಡ್ಡ ಕೊಯ್ದ ತುದಿಯನ್ನು ಕೆತ್ತಿ. ಅಲ್ಲಿ ಪುಡಿಯಾಗದೆ ನಯವಾಗಿ ಬಂದರೆ ಉಳಿ ಹರಿತವಾಗಿದೆ.

ಪಾಲಿಶ್ ಬಗ್ಗೆ ಜಗಳ ನಡೆದೇ ಇದೆ, ನಾನು ಯಾವ ಪಕ್ಷವೂ ಅಲ್ಲ. ಒಂದು ವಿಷಯ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಗೆ ಹಾಕಿ. ಶೆಡ್ಡಿನ ತುಂಬ ಹೊಟ್ಟು ಇರುವ ಜಾಗ ಅದು.

ಆಚಾರ್ರ ವಿಚಾರ ಹೇಳದೆ ಇದ್ದರೆ ಸರಿಯಲ್ಲ. ಹವ್ಯಾಸಿಗಳ ಬಳಗಗಳಲ್ಲಿ ಕಸುಬಿನವರನ್ನು ಗುರು ಅಂತ ಕೂರಿಸಿ, ಚಹಾ ಕೊಟ್ಟು, ಅವರ ಭಾನುವಾರ ಪೂರ್ತಿ ತಿಂದುಹಾಕುವುದು ನಡೆಯುತ್ತದೆ. ನಮ್ಮಲ್ಲಿ ಹಾಗಿಲ್ಲ. ಶೆಡ್ಡಿನ ಕರೆಂಟಿಗೆ, ಅವರ ಹೊತ್ತಿಗೆ ಎಲ್ಲರೂ ದುಡ್ಡು ಹಾಕುತ್ತೇವೆ. ಅದರ ಲೆಕ್ಕ ಹಾಳೆಯಲ್ಲೇ ಇರುತ್ತದೆ, ಯಾರು ಕೊಟ್ಟಿಲ್ಲ ಅನ್ನುವುದೂ ಸೇರಿ. ಸಂಕೋಚ ಪಡುವವರು ಬೇಗ ಕೊಡಲಿ ಅಂತಲೇ ಬರೆಯುವುದು. ನಮ್ಮವರು ಯಾರೂ ಊರಲ್ಲಿ ಕಡಿಮೆ ರೇಟಿಗೆ ಕೆಲಸ ಹಿಡಿದು ಅವರ ಗಿರಾಕಿ ಕೀಳುವುದಿಲ್ಲ. ದೊಡ್ಡ ಕೆಲಸ ಬಂದರೆ ಅವರ ಹೆಸರೇ ಹೇಳುತ್ತೇವೆ.

ಇನ್ನು ಸಾಮಾನು ಎರವಲಿನ ಪುಸ್ತಕ. ಕ್ಲ್ಯಾಂಪ್, ಮೂಲೆಮಟ್ಟ, ಡ್ರಿಲ್ ಕೊಟ್ಟು ತೆಗೆದುಕೊಳ್ಳುತ್ತೇವೆ. ಕೊಟ್ಟ ತಾರೀಖು, ವಾಪಸ್ಸಿನ ತಾರೀಖು, ಸಹಿ ಇರುತ್ತದೆ. ಉಳಿ ಮತ್ತು ಕೀಸುಳಿ ಮಾತ್ರ ಯಾರೂ ಯಾರಿಗೂ ಕೊಡುವುದಿಲ್ಲ. ಹರಿತ ಮಾಡಲು ಕೂತವರಿಗೇ ಅದರ ಬೆಲೆ ಗೊತ್ತು. ಈ ನಿಯಮ ಬರೆದದ್ದು ಗಿರಣಿಯ ಹಿರಿಯರು. ಮುಂದಿನ ಹಾಳೆಯಲ್ಲಿ ಜಾಲಿ ಮರದ ಕೊಡತಿ ಬಗ್ಗೆ ಬರೆಯಬೇಕು ಅಂತ ಅವರೇ ಹೇಳಿದ್ದಾರೆ. ಹೊಲದಲ್ಲಿ ಒಣಗಿ ಬಿದ್ದ ಒಂದು ಕರಿಜಾಲಿ ಇದೆಯಂತೆ, ಹೊಲದವರು ಒಪ್ಪಿದ್ದಾರೆ. ಅಳತೆ ಹಿಡಿಯಲು ನಾನು ಹೋಗಬೇಕು.