ಅಮೆರಿಕದಲ್ಲಿ ಮಕ್ಕಳಿಗೆ 18 ತುಂಬಿದ್ಮೇಲೆ: ಒದ್ದಾಡ್ತಿರೋ ಮಗ-ಮಗಳಿಗೆ ಯಾವ್ಯಾವ ಬಾಗಿಲು ತಟ್ಟಬೇಕು

ಊರಲ್ಲಾದ್ರೆ ಹುಡುಗ ಓದು ಅರ್ಧಕ್ಕೆ ಬಿಟ್ಟು ಮನೇಲಿ ಕೂತ್ರೂ ಯಾರೋ ಒಬ್ಬ ಸೋದರಮಾವ ತನ್ನ ಅಂಗಡೀಲೋ ತೋಟದಲ್ಲೋ ಜೊತೆಗಿಟ್ಕೊಂಡು ನಿಧಾನಕ್ಕೆ ದಾರಿಗೆ ತರ್ತಾನೆ. ಅಮೆರಿಕದಲ್ಲಿ ಆ ಮಾವ ಇಲ್ಲ. ಆ ಕೆಲ್ಸ ಮಾಡೋಕೆ ಇಲ್ಲಿ ನಾಲ್ಕಾರು ಆಫೀಸುಗಳಿವೆ, ಆದ್ರೆ ಅವು ನಮ್ಮನ್ನ ಹುಡುಕ್ಕೊಂಡು ಬರಲ್ಲ, ಒಂದು ಆಫೀಸಿಗೆ ಗೊತ್ತಿರೋದು ಇನ್ನೊಂದಕ್ಕೆ ಗೊತ್ತಿರಲ್ಲ, ಮೇಲಾಗಿ 18 ತುಂಬಿದ ದಿನದಿಂದ ಅಪ್ಪ ಅಮ್ಮ ಫೋನ್ ಮಾಡಿದ್ರೆ "ನಿಮ್ಮ ಮಗನ್ನೇ ಕರೀರಿ" ಅಂತಾರೆ. ಆಟಿಸಂ, ಎಡಿಎಚ್‌ಡಿ, ಡಿಪ್ರೆಶನ್, ಇಲ್ಲಾ ಹೆಸರೇ ಇಲ್ಲದ ಒಂಥರಾ ಸೋಲು, ಯಾವ ಕಾರಣಕ್ಕೇ ಮಗು ಹಿಂದೆ ಬಿದ್ದಿರ್ಲಿ, ಇಲ್ಲಿ ಕೇಳಿದವ್ರಿಗೆ ಮಾತ್ರ ಸಿಗೋದು, ಕೇಳ್ಬೇಕಾದವ್ರು ಮಕ್ಕಳೇ. ನಾವು ಎಲ್ಲಾ ಕೆಲ್ಸನೂ ಅವ್ರ ಪರವಾಗಿ ಮಾಡಿ ಮುಗಿಸೋ ಜನ ಬೇರೆ, ಹಾಗಾಗಿ ಎಡವೋದೇ ಇಲ್ಲಿ.

ಮೊದ್ಲು ಕಾಗದ ಪತ್ರ. ಬಹುತೇಕ ರಾಜ್ಯಗಳಲ್ಲಿ 18ಕ್ಕೆ ಮಗು ಕಾನೂನಿನ ಪ್ರಕಾರ ದೊಡ್ಡವ್ರು. 1996ರ ಹಿಪಾ ಅನ್ನೋ ಆರೋಗ್ಯ ಮಾಹಿತಿ ಗೌಪ್ಯತೆ ಕಾನೂನಿಂದಾಗಿ ಡಾಕ್ಟ್ರು ಅವನ ಒಪ್ಪಿಗೆ ಇಲ್ದೆ ನಿಮಗೆ ರಿಪೋರ್ಟ್ ಹೇಳೋ ಹಾಗಿಲ್ಲ, 1974ರ ಫರ್ಪಾ ಅನ್ನೋ ವಿದ್ಯಾರ್ಥಿ ದಾಖಲೆ ಗೌಪ್ಯತೆ ಕಾನೂನಿನ ಪ್ರಕಾರ ಕಾಲೇಜಿನವ್ರು ಮಾರ್ಕ್ಸ್ ತೋರಿಸ್ಬೇಕು ಅಂತಿಲ್ಲ, ಫೀಸ್ ನಿಮ್ಮ ಕಾರ್ಡಿಂದಾನೇ ಹೋಗ್ತಿದ್ರೂ ಅಷ್ಟೇ. ಟ್ಯಾಕ್ಸಲ್ಲಿ ಮಗೂನ ಡಿಪೆಂಡೆಂಟ್ ಅಂತ ತೋರಿಸಿದ್ರೆ ಕಾಲೇಜು ಬೇಕಾದ್ರೆ ಹೇಳಬಹುದು, ಹೇಳಲೇಬೇಕು ಅಂತೇನಿಲ್ಲ. ಆದ್ರೆ ಒಂದು ವಿಷ್ಯ ಎಷ್ಟೋ ಜನಕ್ಕೆ ಹೊಳೆಯಲ್ಲ: ಡಾಕ್ಟ್ರು ನಿಮಗೆ ಹೇಳೋದಕ್ಕೆ ಅಡ್ಡಿ ಇದೆಯೇ ಹೊರತು ನೀವು ಡಾಕ್ಟ್ರಿಗೆ ಹೇಳೋದಕ್ಕೆ ಯಾವ ಅಡ್ಡೀನೂ ಇಲ್ಲ. ಹುಡುಗ ಎರಡು ವಾರದಿಂದ ನಿದ್ದೆ ಮಾಡಿಲ್ಲ, ಮಾತ್ರೆ ಬಿಟ್ಟಿದಾನೆ ಅಂತ ನೀವು ಮೆಸೇಜ್ ಹಾಕಬಹುದು, ಅವ್ರು ಓದ್ಕೋತಾರೆ, ಉತ್ತರ ಕೊಡ್ದೇ ಇರಬಹುದು ಅಷ್ಟೇ. ಬೇಸಿಗೆ ರಜಕ್ಕೆ ಮನೆಗೆ ಬಂದಾಗ್ಲೇ, ಮನಸ್ಸು ಚೆನ್ನಾಗಿರೋ ಹೊತ್ತು ನೋಡಿ, ಹಿಪಾ ರಿಲೀಸ್, ಮೆಡಿಕಲ್ ಪವರ್ ಆಫ್ ಅಟಾರ್ನಿ (ಅವ್ರಿಗೆ ಆಗದಿದ್ದಾಗ ಚಿಕಿತ್ಸೆ ಬಗ್ಗೆ ನೀವು ತೀರ್ಮಾನ ತಗೊಳ್ಳೋ ಅಧಿಕಾರ ಪತ್ರ), ಕಾಲೇಜಿನ ಫರ್ಪಾ ಫಾರ್ಮ್ ಮೂರಕ್ಕೂ ಸೈನ್ ಮಾಡಿಸಿಟ್ಕೊಳ್ಳಿ. ಜಗಳ ಆಡಿದ ಮಾರನೇ ದಿನ ಯಾವ ಮಗೂನೂ ಸೈನ್ ಹಾಕಲ್ಲ.

ಕೆಲವ್ರು ಇದನ್ನೆಲ್ಲಾ ನೋಡಿ ಹೆದ್ರಿ ಸೀದಾ ಕೋರ್ಟಿಗೆ ಹೋಗಿ ಗಾರ್ಡಿಯನ್‌ಶಿಪ್ (ಮಗು ಪರವಾಗಿ ತೀರ್ಮಾನ ಮಾಡೋ ಹಕ್ಕು) ತಗೊಳ್ಳೋಕೆ ಹೊರಡ್ತಾರೆ. ನಿಜವಾಗ್ಲೂ ಬೇಕಾದವ್ರಿದಾರೆ, ಇಲ್ಲ ಅನ್ನಲ್ಲ. ಆದ್ರೆ ಒಮ್ಮೆ ತಗೊಂಡ್ರೆ ಅದನ್ನ ಬಿಡಿಸ್ಕೊಳ್ಳೋದು ಸುಲಭ ಅಲ್ಲ, ಮಗು ತನ್ನ ಹೆಸರಲ್ಲಿ ಒಂದು ಬಾಡಿಗೆ ಕರಾರಿಗೂ ಸೈನ್ ಹಾಕೋಕಾಗ್ದೇ ಹೋಗಬಹುದು. ಸಪೋರ್ಟೆಡ್ ಡಿಸಿಶನ್ ಮೇಕಿಂಗ್ ಅಂತ ಇನ್ನೊಂದು ದಾರಿ ಇದೆ, 2015ರಲ್ಲಿ ಟೆಕ್ಸಾಸ್ ಮೊದ್ಲು ಕಾನೂನು ಮಾಡ್ತು, ಆಮೇಲೆ ಎಷ್ಟೋ ರಾಜ್ಯಗಳು ಮಾಡಿದ್ವು. ಇದ್ರಲ್ಲಿ ತೀರ್ಮಾನ ಮಗೂದೇ, ಪಕ್ಕದಲ್ಲಿ ಕೂತು ಅರ್ಥ ಮಾಡಿಸೋಕೆ ಯಾರು ಬೇಕು ಅಂತ ಅವ್ರೇ ಬರೆದು ಕೊಡ್ತಾರೆ. ನನ್ ಕೇಳಿದ್ರೆ ಮೊದ್ಲು ಇದನ್ನ ನೋಡಿ.

ಇನ್ನೂ ಹೈಸ್ಕೂಲಲ್ಲಿದ್ದು ಐಇಪಿ (ವಿಶೇಷ ಅಗತ್ಯ ಇರೋ ಮಗೂಗೆ ಸ್ಕೂಲು ಬರೆದು ಕೊಡೋ ಕಲಿಕಾ ಯೋಜನೆ) ಇರೋ ಮಕ್ಕಳಿದ್ರೆ ಇದನ್ನ ಎರಡು ಸಲ ಓದ್ಕೊಳ್ಳಿ. 16 ವರ್ಷದ ಹೊತ್ತಿಗೆ ಐಇಪಿಯಲ್ಲಿ ಟ್ರಾನ್ಸಿಶನ್ ಪ್ಲಾನ್ (ಸ್ಕೂಲ್ ಮುಗಿದ್ಮೇಲಿನ ಬದುಕಿಗೆ ತಯಾರಿ) ಇರ್ಲೇಬೇಕು, ಕೆಲವು ರಾಜ್ಯಗಳಲ್ಲಿ 14ಕ್ಕೇ ಶುರು. ನಮ್ಮವ್ರು ಮೀಟಿಂಗಲ್ಲಿ ಬರೀ ಮ್ಯಾಥ್ಸ್ ಗ್ರೇಡ್ ಬಗ್ಗೆ ಮಾತಾಡಿ ಎದ್ದು ಬರ್ತಾರೆ. ಬಸ್ ಹತ್ತೋದು, ಬಟ್ಟೆ ಒಗೆಯೋದು, ದುಡ್ಡು ಎಣಿಸೋದು, ಒಂದು ಕಡೆ ನಾಲ್ಕು ಗಂಟೆ ಕೆಲ್ಸ ಮಾಡೋದು, ಇದೆಲ್ಲಾನೂ ಅಲ್ಲಿ ಗುರಿ ಅಂತ ಬರೆಸಬಹುದು. ಮತ್ತೆ ರೆಗ್ಯುಲರ್ ಡಿಪ್ಲೊಮಾ ಕೈಗೆ ತಗೊಂಡ ತಕ್ಷಣ ಸ್ಕೂಲಿನ ಈ ಹಕ್ಕೆಲ್ಲಾ ಮುಗೀತು. ತಗೊಳ್ದೇ ಇದ್ರೆ ಹೆಚ್ಚಿನ ರಾಜ್ಯಗಳಲ್ಲಿ 21 ಇಲ್ಲಾ 22ರವರೆಗೂ ಸ್ಕೂಲೇ ಪುಕ್ಕಟೆ ಕಲಿಸ್ಬೇಕು. ಮಗೂಗೆ ಇನ್ನೂ ಒಬ್ಬನೇ ಬಸ್ಸಲ್ಲಿ ಹೋಗಿ ಬರೋಕಾಗ್ತಿಲ್ಲ ಅಂದ್ರೆ ಫೋಟೋಗೋಸ್ಕರ ಡಿಪ್ಲೊಮಾಕ್ಕೆ ಆತುರ ಪಡ್ಬೇಡಿ, ನೆಂಟರಿಗೆ ಏನ್ ಹೇಳೋದು ಅನ್ನೋದು ಆಮೇಲಿನ ಮಾತು.

ಕಾಲೇಜಿಗೆ ಐಇಪಿ ಬರಲ್ಲ. ಅಲ್ಲಿ ಡಿಸಬಿಲಿಟಿ ಆಫೀಸ್ ಅಂತ ಇರುತ್ತೆ, ಹುಡುಗ ತಾನೇ ಹೋಗಿ ಹೇಳ್ಕೊಂಡು ಡಾಕ್ಟರ್ ಕಾಗದ ಕೊಟ್ರೆ ಪರೀಕ್ಷೆಗೆ ಜಾಸ್ತಿ ಟೈಮು, ಬೇರೆ ರೂಮು ಇಂಥದ್ದೆಲ್ಲಾ ಸಿಗುತ್ತೆ. ಹೇಳ್ಕೊಳ್ಳದೇ ಇದ್ರೆ ಸಿಗಲ್ಲ, ಪರೀಕ್ಷೆ ಫೇಲಾದ್ಮೇಲೆ ಹೇಳಿದ್ರೆ ಹಿಂದಿನದ್ದಕ್ಕೆ ಅನ್ವಯ ಆಗಲ್ಲ. ಸೆಮಿಸ್ಟರ್ ಮಧ್ಯ ಪೂರ್ತಿ ಕುಸಿದು ಬಿದ್ರೆ ನಾಲ್ಕು ಎಫ್ ಗ್ರೇಡ್ ಹೊತ್ಕೊಂಡು ಬರೋದಕ್ಕಿಂತ ಮೆಡಿಕಲ್ ವಿತ್‌ಡ್ರಾಯಲ್ (ಆರೋಗ್ಯದ ಕಾರಣಕ್ಕೆ ಆ ಸೆಮಿಸ್ಟರ್ ಬಿಡೋದು) ಕೇಳೋದು ಒಳ್ಳೇದು. ಬೆಂಗ್ಳೂರಿಂದ, ಹುಬ್ಳಿಯಿಂದ ಎಫ್1 ವಿದ್ಯಾರ್ಥಿ ವೀಸಾ ಮೇಲೆ ಬಂದಿರೋ ಹುಡುಗ್ರಿಗೆ ಇದು ಇನ್ನೂ ಮುಖ್ಯ: ಕೋರ್ಸ್ ಬಿಡೋಕೆ ಮುಂಚೆ ಡಿಎಸ್‌ಒ (ಕಾಲೇಜಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ನೋಡ್ಕೊಳ್ಳೋ ಅಧಿಕಾರಿ) ಒಪ್ಪಿಗೆ ಬೇಕೇ ಬೇಕು. ಡಾಕ್ಟರ್ ಪತ್ರ ಇದ್ರೆ ಒಂದು ಡಿಗ್ರಿ ಹಂತದಲ್ಲಿ ಒಟ್ಟು 12 ತಿಂಗಳವರೆಗೆ ಕಡಿಮೆ ಕೋರ್ಸಲ್ಲಿ ಇರಬಹುದು, ಬೇಕಾದ್ರೆ ಏನೂ ತಗೊಳ್ದೇನೂ. ಊರಲ್ಲಿರೋ ಅಪ್ಪ ಅಮ್ಮಂಗೆ ಹೇಳೋಕೆ ನಾಚ್ಕೊಂಡು ಕ್ಲಾಸು ಬಿಟ್ಟು ರೂಮಲ್ಲಿ ಮಲಗಿಬಿಟ್ರೆ ವೀಸಾ ಸ್ಟೇಟಸ್ಸೇ ಹೋಗುತ್ತೆ. ತಲೇಲಿ ಸಾಯೋ ಯೋಚನೆ ಬರ್ತಿದೆ ಅಂದ್ರೆ ಹಗಲು ರಾತ್ರಿ ಯಾವಾಗ ಬೇಕಾದ್ರೂ 988 ಸಹಾಯವಾಣಿಗೆ ಫೋನ್ ಇಲ್ಲಾ ಮೆಸೇಜ್ ಮಾಡಬಹುದು.

ಈಗ ಕೆಲ್ಸ ಕಲಿಸೋ ಆಫೀಸು. ಪ್ರತಿ ರಾಜ್ಯದಲ್ಲೂ ವೊಕೇಶನಲ್ ರಿಹ್ಯಾಬಿಲಿಟೇಶನ್ ಅಂತ ಒಂದಿದೆ, ಹೆಸರು ಮಾತ್ರ ಬೇರೆಬೇರೆ. ಟೆಕ್ಸಾಸಲ್ಲಿ ವರ್ಕ್‌ಫೋರ್ಸ್ ಕಮಿಷನ್ ಕೆಳಗೆ, ನ್ಯೂಯಾರ್ಕಲ್ಲಿ ಆಕ್ಸೆಸ್-ವಿಆರ್, ಕ್ಯಾಲಿಫೋರ್ನಿಯಾದಲ್ಲಿ ಡಿಪಾರ್ಟ್‌ಮೆಂಟ್ ಆಫ್ ರಿಹ್ಯಾಬಿಲಿಟೇಶನ್. ಹೆಸರು ಕೇಳಿ ಕುಡಿತ ಬಿಡ್ಸೋ ಜಾಗ ಅನ್ಕೊಂಡು ಎಷ್ಟೋ ಜನ ಹತ್ರಾನೇ ಹೋಗಲ್ಲ! ಅರ್ಜಿ ಹಾಕಿದ್ಮೇಲೆ 60 ದಿನದೊಳಗೆ ಅರ್ಹನೋ ಅಲ್ವೋ ಹೇಳ್ಬೇಕು ಅಂತ ನಿಯಮ. ಜಾಬ್ ಕೋಚ್, ತರಬೇತಿ ಫೀಸು, ಕೆಲವೊಮ್ಮೆ ಲ್ಯಾಪ್‌ಟಾಪ್ ಕೂಡ ಕೊಡಿಸ್ತಾರೆ, ಮನೋರೋಗ, ಎಡಿಎಚ್‌ಡಿ ಇರೋರೂ ಹೋಗಬಹುದು.

ಇದಕ್ಕಿಂತ ನನಗೆ ಇಷ್ಟ ಆಗೋದು ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್‌ಗಳು. ಶುರುವಾಗಿದ್ದು 1972ರಲ್ಲಿ ಬರ್ಕ್ಲಿಯಲ್ಲಿ, ಎಡ್ ರಾಬರ್ಟ್ಸ್ ಮತ್ತವನ ಗೆಳೆಯರಿಂದ. ರಾಬರ್ಟ್ಸ್ ಪೋಲಿಯೋದಿಂದ ಕುತ್ತಿಗೆ ಕೆಳಗೆ ಸ್ವಾಧೀನ ಹೋಗಿ ಉಸಿರಾಟದ ಮಷೀನ್ ಮೇಲಿದ್ದ ಮನುಷ್ಯ. ನಿನಗೆ ಕೆಲ್ಸ ಮಾಡೋಕಾಗಲ್ಲ ಅಂತ ಕ್ಯಾಲಿಫೋರ್ನಿಯಾದ ರಿಹ್ಯಾಬಿಲಿಟೇಶನ್ ಇಲಾಖೆ ಅವನಿಗೆ ಸಹಾಯ ನಿರಾಕರಿಸಿತ್ತು, 1975ರಲ್ಲಿ ಅದೇ ಇಲಾಖೆಗೆ ಅವನೇ ಡೈರೆಕ್ಟರ್ ಆದ. ಈ ಸೆಂಟರುಗಳನ್ನ ನಡೆಸೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಂಗವೈಕಲ್ಯ ಇರೋರೇ ಇರ್ಬೇಕು, ಹಾಗಾಗಿ ಅಡುಗೆ, ಬಸ್ಸು, ಬಜೆಟ್ಟು, ಮನೆ ಹುಡುಕೋದು ಯಾವ್ದನ್ನ ಹೇಳಿಕೊಟ್ರೂ ಅದು ಅನುಭವದ ಮಾತು. ನಮ್ಮ ಮಾತು ಕೇಳದ ಹುಡುಗ ಅವ್ರ ಮಾತು ಕೇಳ್ತಾನೆ.

ಬೇ ಏರಿಯಾ ಸೇರಿ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ರೀಜನಲ್ ಸೆಂಟರ್ ಇದೆ, ಆಟಿಸಂ, ಬುದ್ಧಿಮಾಂದ್ಯದಂಥದ್ದು 18ಕ್ಕೆ ಮುಂಚೆ ಶುರುವಾಗಿದ್ರೆ, ಅದು ಬದುಕಿಗೆ ದೊಡ್ಡ ತೊಡಕು ಅಂತ ಅವ್ರು ಒಪ್ಪಿದ್ರೆ, ಜೀವನ ಪೂರ್ತಿ ಸೇವೆ. ಬೇರೆ ರಾಜ್ಯದವ್ರು ಮೆಡಿಕೈಡ್ ವೇವರ್ (ಮನೇಲಿದ್ದೇ ಸೇವೆ ಪಡೆಯೋ ಸರ್ಕಾರಿ ಯೋಜನೆ) ಲಿಸ್ಟಿಗೆ ಮಗು ಚಿಕ್ಕದಿರುವಾಗ್ಲೇ ಹೆಸರು ಬರೆಸಿ, ಟೆಕ್ಸಾಸಿನಂಥ ಕಡೆ ಕಾಯೋದು ವರ್ಷಗಟ್ಟಲೆ.

ದುಡ್ಡಿನ ವಿಷ್ಯ. ಅಂಗವೈಕಲ್ಯದಿಂದ ದುಡಿಯೋಕಾಗಲ್ಲ ಅನ್ನೋರಿಗೆ ಎಸ್‌ಎಸ್‌ಐ ಅನ್ನೋ ಕೇಂದ್ರ ಸರ್ಕಾರದ ಮಾಸಾಶನ ಇದೆ, 2025ರಲ್ಲಿ ಅದು ಒಬ್ಬರಿಗೆ ತಿಂಗಳಿಗೆ ಗರಿಷ್ಠ 967 ಡಾಲರ್ ಇತ್ತು. ನೀವು ಐಟಿ ಸಂಬಳದವ್ರು ಅಂತ ಬಾಲ್ಯದಲ್ಲಿ ಸಿಗದೇ ಇದ್ರೂ 18 ಆದ್ಮೇಲೆ ನಿಮ್ಮ ಸಂಬಳ ಲೆಕ್ಕಕ್ಕಿಲ್ಲ, ಹಾಗಾಗಿ ಮತ್ತೆ ಅರ್ಜಿ ಹಾಕಿ. ಆದ್ರೆ ಮಗು ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಇರ್ಬಾರ್ದು. ಅಜ್ಜಿ ಪ್ರೀತಿಯಿಂದ ಮೊಮ್ಮಗನ ಹೆಸರಲ್ಲಿ ಇಟ್ಟ ಎಫ್‌ಡಿನೂ ಲೆಕ್ಕಕ್ಕೆ ಬರುತ್ತೆ. ಉಳಿಸೋಕೆ ಅಂಗವೈಕಲ್ಯ ಇರೋರಿಗಂತಲೇ ಏಬಲ್ ಅಕೌಂಟ್ ಇದೆ, ಅದ್ರಲ್ಲಿ 1 ಲಕ್ಷ ಡಾಲರ್‌ವರೆಗೂ ಎಸ್‌ಎಸ್‌ಐ ಕಣ್ಣು ಹಾಕಲ್ಲ. ಮೊದ್ಲು 26ರೊಳಗೆ ಶುರುವಾದ ತೊಂದ್ರೆಗೆ ಮಾತ್ರ ಇತ್ತು, 2026ರ ಜನವರಿಯಿಂದ 46ರೊಳಗೆ ಅಂತ ಮಾಡಿದಾರೆ. ಮಗು ನಿಮ್ಮನೇಲೇ ಇದ್ದು ಖರ್ಚಿನ ಪಾಲು ಕೊಡ್ತಿಲ್ಲ ಅಂದ್ರೆ ಎಸ್‌ಎಸ್‌ಐಯಲ್ಲಿ ಸುಮಾರು ಮೂರನೇ ಒಂದು ಭಾಗ ಕಟ್ ಆಗಬಹುದು, ಅದಕ್ಕೇ ಇಲ್ಲಿ ಮಕ್ಕಳ ಜೊತೆ ಬಾಡಿಗೆ ಕರಾರು ಬರ್ಕೋತಾರೆ. ಮಗನ ಹತ್ರ ಬಾಡಿಗೆ ಇಸ್ಕೊಳ್ಳೋದಾ ಅಂತ ಮುಖ ಗಂಟಿಕ್ಕಬೇಡಿ. ತಿಂಗಳ ಒಂದನೇ ತಾರೀಕು ಯಾರಿಗೋ ದುಡ್ಡು ಕೊಡೋ ಅಭ್ಯಾಸ ಮನೇಲೇ ಆಗ್ಲಿ.

ಇದೆಲ್ಲಾ ಸಿಟಿಜನ್ ಮಕ್ಕಳಿಗೆ ಸಲೀಸು, ನೀವಿನ್ನೂ ಎಚ್1ಬಿ ಕೆಲ್ಸದ ವೀಸಾದಲ್ಲಿದ್ರೂ ಇಲ್ಲೇ ಹುಟ್ಟಿದ ಮಗೂ ಅರ್ಹತೆಗೆ ಅದು ಅಡ್ಡಿ ಅಲ್ಲ. ಗ್ರೀನ್ ಕಾರ್ಡ್ ಮಕ್ಕಳಿಗೆ ಸಾಮಾನ್ಯವಾಗಿ ಐದು ವರ್ಷ ಕಾಯೋದು ಮತ್ತೆ 40 ಕ್ವಾರ್ಟರ್ (ಸುಮಾರು ಹತ್ತು ವರ್ಷದ) ದುಡಿಮೆ ಲೆಕ್ಕ ಇದೆ, ಅವ್ರಿಗೆ 18 ಆಗೋ ಮುಂಚೆ ನೀವು ದುಡಿದಿದ್ದನ್ನ ಅದಕ್ಕೆ ಸೇರಿಸ್ಕೋಬಹುದು. ಎಚ್4 (ಎಚ್1ಬಿಯವ್ರ ಮನೆಯವ್ರ ವೀಸಾ) ಮಕ್ಕಳಿಗೆ ಎಸ್‌ಎಸ್‌ಐ ಇಲ್ಲ, ಕೆಲ್ಸನೂ ಮಾಡೋ ಹಾಗಿಲ್ಲ, ಕ್ಲಾಸ್‌ಮೇಟ್‌ಗಳೆಲ್ಲಾ ಪಿಜ್ಜಾ ಅಂಗಡೀಲಿ ದುಡಿದು ಜವಾಬ್ದಾರಿ ಕಲಿಯೋ ವಯಸ್ಸಲ್ಲಿ ಇವ್ರು ಮನೇಲಿ. ಫುಡ್ ಬ್ಯಾಂಕ್, ಲೈಬ್ರರಿ ಕಡೆ ವಾಲಂಟಿಯರ್ ಮಾಡಿಸಿ, ಟೈಮಿಗೆ ಏಳೋದಾದ್ರೂ ರೂಢಿ ಆಗುತ್ತೆ. 21ಕ್ಕೆ ಎಚ್4 ಮುಗಿಯುತ್ತೆ, ಹಾಗಾಗಿ 19ರಲ್ಲೇ ವಕೀಲರ ಹತ್ರ ಎಫ್1 ಬಗ್ಗೆ ಮಾತಾಡಿ, ಯಾವ್ದಾದ್ರೂ ಸರ್ಕಾರಿ ಸಹಾಯ ತಗೊಂಡ್ರೆ ಮುಂದೆ ಗ್ರೀನ್ ಕಾರ್ಡಿಗೆ ತೊಂದ್ರೆನಾ ಅಂತಾನೂ ಅದೇ ಮೀಟಿಂಗಲ್ಲಿ ಕೇಳಿ.

ಈಗ ಮನೆ ಒಳಗಿನ ಅಭ್ಯಾಸ, ಫೋನಿಂದಾನೇ ಶುರು ಮಾಡಿ. ಮೇಲೆ ಹೇಳಿದ ಯಾವ ಆಫೀಸಾದ್ರೂ ಮೊದ್ಲು ಕೇಳೋದು ಹೆಸರು, ಹುಟ್ಟಿದ ತಾರೀಕು, ಏನ್ ಬೇಕು. ಈ ಮೂರು ಮಾತು ಅಪರಿಚಿತರ ಹತ್ರ ಹೇಳೋಕೆ ನಡುಗೋ ಮಕ್ಕಳು ತುಂಬಾ ಇದಾರೆ, ಎಪಿ ಅನ್ನೋ ಕಷ್ಟದ ಕ್ಲಾಸಲ್ಲಿ ಫಸ್ಟ್ ಬಂದವ್ರೂ. ಹಲ್ಲಿನ ಡಾಕ್ಟ್ರ ಅಪಾಯಿಂಟ್‌ಮೆಂಟ್ ಒಳ್ಳೆ ಅಭ್ಯಾಸ, ತಪ್ಪಾದ್ರೂ ಏನೂ ಕೊಚ್ಕೊಂಡು ಹೋಗಲ್ಲ. ಏನ್ ಹೇಳ್ಬೇಕು ಅಂತ ಚೀಟೀಲಿ ಬರ್ಕೊಳ್ಳಲಿ, ಇನ್ಶೂರೆನ್ಸ್ ಕಾರ್ಡ್ ಕೈಯಲ್ಲಿರ್ಲಿ, ಸ್ಪೀಕರ್ ಹಾಕಿ ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ಆದ್ರೆ ಅವ್ನು ತಡವರಿಸಿದ ತಕ್ಷಣ ಫೋನ್ ಕಿತ್ಕೋಬೇಡಿ. ಆ ಕಡೆ ರಿಸೆಪ್ಶನಿಸ್ಟ್ ಕಾಯ್ತಾಳೆ, ಅದು ಅವ್ಳ ಕೆಲ್ಸ. ಅದಾದ್ಮೇಲೆ ಮಾತ್ರೆ ರೀಫಿಲ್, ಆಮೇಲೆ ಬ್ಯಾಂಕು. ಅನ್ನ ಸಾರು ಮಾಡೋದು ಯೂಟ್ಯೂಬ್ ನೋಡಿ ಕಲೀತಾರೆ ಬಿಡಿ.

ಬೇರೆ ಮನೆ ಮಾಡೋಕೆ ಹೊರಟಾಗ ಮನೆ ಓನರ್ ಕ್ರೆಡಿಟ್ ಸ್ಕೋರ್ ಕೇಳ್ತಾನೆ. 2009ರ ಕಾನೂನು ಪ್ರಕಾರ 21ರೊಳಗಿನವ್ರಿಗೆ ಸ್ವಂತ ಆದಾಯ ಇಲ್ಲಾ ಕೋಸೈನರ್ ಇಲ್ದೆ ಕ್ರೆಡಿಟ್ ಕಾರ್ಡ್ ಸಿಗಲ್ಲ, ಹಾಗಾಗಿ ಸ್ಕೋರ್ ಬೆಳೆಸೋಕೆ ಅವ್ರನ್ನ ನಿಮ್ಮ ಕಾರ್ಡಿಗೆ ಆಥರೈಸ್ಡ್ ಯೂಸರ್ (ಅದೇ ಕಾರ್ಡ್ ಬಳಸೋ ಇನ್ನೊಬ್ರು) ಮಾಡಿ. ಇನ್ನು ಇನ್ಶೂರೆನ್ಸು, ಓದ್ಲಿ ಬಿಡ್ಲಿ, ಬೇರೆ ಊರಲ್ಲಿರ್ಲಿ, 26ರವರೆಗೂ ನಿಮ್ಮ ಪ್ಲಾನಲ್ಲಿ ಇರಬಹುದು. ಅದು ಮುಗಿದ್ಮೇಲೆ ಸರ್ಕಾರದ ಮಾರ್ಕೆಟ್‌ಪ್ಲೇಸಲ್ಲಿ ಹೊಸ ಪ್ಲಾನಿಗೆ ಸೇರೋಕೆ 60 ದಿನ ಟೈಮು. ದುಡಿದು ತಿನ್ನೋಕೆ ಆಗದಷ್ಟು ತೊಂದ್ರೆ ಇರೋ ಮಕ್ಕಳನ್ನ ಎಷ್ಟೋ ಕಂಪನಿ ಪ್ಲಾನುಗಳು 26 ದಾಟಿದ್ರೂ ಮುಂದುವರಿಸ್ತವೆ, ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಜೊತೆ ಫಾರ್ಮ್ ತುಂಬಬೇಕು, ಹೆಚ್ಚಾಗಿ ಹುಟ್ಟುಹಬ್ಬ ಬರೋ ಮುಂಚೇನೇ, ಹಾಗಾಗಿ 25ನೇ ವರ್ಷದಲ್ಲೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿಡಿ.